ಟೇಲ್‌ಎಂಡ್ ಖೋಲಿಯ ದೂರು

ಮಾರ್ಚ್ ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ಮಾತಿನವು. “ಸರ್, ಹೊರಗಿನ ಮಷೀನ್ ಒಂದ ಐತ್ರಿ, ಒಳಗ ಐದು ಖೋಲಿಗೆ ಪೈಪ್ ಎಳದಾರ. ನಾಕು ಖೋಲಿ ಥಂಡ ಆಗ್ತಾವ, ಐದನೇದು ಮಾತ್ರ ಆಗವಲ್ದು. ಗ್ಯಾಸ್ ತುಂಬಿಸಬೇಕೇನ್ರಿ?” ಕೇಳುವವರು ಗೋಕಾಕದ ಬಟ್ಟೆ ಅಂಗಡಿಯವರಿರಬಹುದು, ಮೂಡಲಗಿಯ ನರ್ಸಿಂಗ್ ಹೋಮಿನ ಡಾಕ್ಟರಿರಬಹುದು, ಹುಕ್ಕೇರಿಯಲ್ಲಿ ಹೊಸ ಮನೆ ಕಟ್ಟಿಸಿದ ಮಾಸ್ತರರಿರಬಹುದು. ಎಲ್ಲರಿಗೂ ನಾನು ಮೊದಲು ಹೇಳುವುದು ಒಂದೇ: ಗ್ಯಾಸಿನ ಸಿಲಿಂಡರ್ ಹೊತ್ತು ತರುವವನನ್ನು ಎರಡು ದಿನ ತಡೆಯಿರಿ. ಒಂದೇ ಹೊರಯಂತ್ರಕ್ಕೆ ಹಲವು ಕೋಣೆ ಕಟ್ಟಿದಾಗ, ಥಂಡಾಗದ ಕೋಣೆಯಲ್ಲೇ ತಪ್ಪು ಇರುವುದು ಅಪರೂಪ. ಗ್ಯಾಸ್ ಸೋರಿದ್ದರೆ ಐದೂ ಕೋಣೆ ಸೊರಗಬೇಕಿತ್ತು. ನಾಲ್ಕು ಕೋಣೆ ಸುಖವಾಗಿದ್ದು ಒಂದು ಮಾತ್ರ ಬೆವರುತ್ತಿದ್ದರೆ ಅಲ್ಲಿ ಕೆಟ್ಟಿರುವುದು ಹಂಚಿಕೆ.

ನಮ್ಮ ಭಾಗದ ಮಂದಿಗೆ ಇದನ್ನು ತಿಳಿಸಲು ಕಾಲುವೆಯ ಮಾತು ಸಾಕು. ಹಿಡಕಲ್ ಜಲಾಶಯ ತುಂಬಿದರೆ 51 ಟಿಎಂಸಿ ನೀರು. ಆ ನೀರು ಧೂಪದಾಳದ ಒಡ್ಡಿಗೆ ಬಂದು ಎಡದಂಡೆ ಕಾಲುವೆ ಹಿಡಿದು ಹೊರಟಿತೆಂದರೆ, ದಾರಿಯುದ್ದಕ್ಕೂ ತೂಬು, ಹಂಚಿಕಾಲುವೆ, ಕಾಲುವೆಗೇ ಬಾಯಿ ಹಾಕಿದ ಮೋಟಾರು. ಮೇಲಿನವರು ಕುಡಿಸಿಕೊಂಡು ಮುಗಿದ ಮೇಲೆ ಉಳಿದದ್ದು ಟೇಲ್‌ಎಂಡಿಗೆ. ಟೇಲ್‌ಎಂಡಿನ ರೈತ ತನ್ನ ಹೊಲದ ಬದುವಿನಲ್ಲಿ ನಿಂತು ಎಷ್ಟು ಆಳ ಅಗೆದರೂ ಅಲ್ಲಿ ನೀರು ಹುಟ್ಟುವುದಿಲ್ಲ. ದೂರು ಅವನದು, ಕಾರಣ ಹತ್ತು ಕಿಲೋಮೀಟರ್ ಮೇಲಿನದು. ಪಾಳಿ ತಪ್ಪಿದ್ದೆಲ್ಲಿ, ತೂಬು ಬೇಕಾದ್ದಕ್ಕಿಂತ ಹೆಚ್ಚು ಎತ್ತಿದವರಾರು ಎಂದು ನೋಡಲು ಮೇಲಕ್ಕೇ ಹೋಗಬೇಕು. ಐದು ಕೋಣೆಯ ಎಸಿಯಲ್ಲೂ ತಾಮ್ರದ ಪೈಪಿನ ಒಂದು ಕಾಲುವೆ ಇದೆ. ಅದರಿಂದ ವೈ ಆಕಾರದ ಜೋಡಣೆಗಳಲ್ಲಿ ಹಂಚಿಕಾಲುವೆಗಳು ಕವಲೊಡೆಯುತ್ತವೆ. ಪ್ರತಿ ಕೋಣೆಗೂ ಒಂದು ತೂಬು ಇದೆ. ಮೆಕ್ಯಾನಿಕ್ಕುಗಳು ಅದನ್ನು ಎಕ್ಸ್‌ಪಾನ್ಶನ್ ವಾಲ್ ಎನ್ನುತ್ತಾರೆ. ಕೆಲವು ಮಾದರಿಗಳಲ್ಲಿ ಈ ತೂಬು ಕೋಣೆಯ ಯಂತ್ರದೊಳಗೇ ಇರುತ್ತದೆ, ಕೆಲವದರಲ್ಲಿ ಹೊರಯಂತ್ರದೊಳಗೆ ಸಾಲಾಗಿ ಇರುತ್ತವೆ.

ಆದರೆ ಕಾಲುವೆಯ ಹೋಲಿಕೆಯನ್ನು ಪೂರ್ತಿ ಎಳೆಯಬಾರದು. ನೀರಿನ ಲೆಕ್ಕ ಎಷ್ಟು ಬಂತು ಎಂಬುದರಲ್ಲಿ ಮುಗಿಯುತ್ತದೆ. ಪೈಪಿನಲ್ಲಿ ಓಡುವ ಆರ್-32 ಅಥವಾ ಆರ್-410ಎ ಎಂಬ ದ್ರವಕ್ಕೆ ಎರಡು ಲೆಕ್ಕ: ಎಷ್ಟು ಬಂತು ಒಂದು, ಬಂದದ್ದು ಕೋಣೆಯ ಕಾಯಿಲಿನಲ್ಲಿ ಎಷ್ಟು ಡಿಗ್ರಿಗೆ ಕುದಿಯಿತು ಇನ್ನೊಂದು. ಹೌದು, ಅದು ಕುದಿಯುತ್ತದೆ. ಐದಾರು ಡಿಗ್ರಿಯ ಥಂಡಿಯಲ್ಲಿ ಕುದಿಯುತ್ತದೆ, ಕುದಿಯಲು ಬೇಕಾದ ಶಾಖವನ್ನು ಕೋಣೆಯ ಗಾಳಿಯಿಂದ ಕಿತ್ತುಕೊಳ್ಳುತ್ತದೆ. ಶಾಖ ವಿನಿಮಯಕ ಎಂದು ಪುಸ್ತಕದಲ್ಲಿ ಬರೆಯುವ ವಸ್ತು ಮೆಕ್ಯಾನಿಕ್ಕಿನ ಬಾಯಲ್ಲಿ ಕಾಯಿಲ್: ತಾಮ್ರದ ಕೊಳವೆ, ಅದರ ಮೇಲೆ ಒತ್ತಾಗಿ ಪೋಣಿಸಿದ ಅಲ್ಯುಮಿನಿಯಂ ತಗಡಿನ ಎಲೆಗಳು. ಇಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಐದೂ ಕೋಣೆಯ ಕಾಯಿಲುಗಳಿಂದ ಆವಿ ವಾಪಸು ಹೋಗುವ ಪೈಪು ಒಂದೇ ಆದ್ದರಿಂದ, ಐದರಲ್ಲೂ ಒತ್ತಡ ಹೆಚ್ಚುಕಡಿಮೆ ಒಂದೇ, ಕುದಿಯುವ ಬಿಂದುವೂ ಒಂದೇ. ನನ್ನ ಕೋಣೆಗೆ ಹೆಚ್ಚು ಥಂಡಿಯ ದ್ರವ, ನಿನ್ನದಕ್ಕೆ ಕಡಿಮೆ ಥಂಡಿಯದು ಎಂದು ಯಂತ್ರ ಬೇರೆ ಮಾಡಿ ಕೊಡಲಾರದು. ಬೇರೆ ಮಾಡಬಹುದಾದದ್ದು ಎರಡೇ: ತೂಬಿನ ಬಾಯಿ ಎಷ್ಟು ತೆರೆಯಬೇಕು, ಕಾಯಿಲಿನ ಮೇಲೆ ಫ್ಯಾನು ಎಷ್ಟು ಗಾಳಿ ಹಾಯಿಸಬೇಕು.

ನಾನು ಈ ಲೆಕ್ಕ ಕಲಿತದ್ದು ಎಸಿಯಲ್ಲಲ್ಲ, ಸಕ್ಕರೆ ಕಾರ್ಖಾನೆಯ ಬಾಯ್ಲಿಂಗ್ ಹೌಸಿನಲ್ಲಿ. ಇಪ್ಪತ್ತೆರಡು ಹಂಗಾಮು ಕ್ವಾಡಿನ ಮುಂದೆ ನಿಂತಿದ್ದೇನೆ. ಕಬ್ಬಿನ ಹಾಲನ್ನು ಬತ್ತಿಸುವ ನಾಲ್ಕು ಬಾಡಿಗಳ ಸಾಲಿಗೆ ಕ್ವಾಡ್ ಎನ್ನುತ್ತೇವೆ. ಮೊದಲನೇ ಬಾಡಿಗೆ ಮಾತ್ರ ಹೊರಗಿನ ಹಬೆ. ಅಲ್ಲಿ ಹಾಲಿನಿಂದ ಎದ್ದ ಆವಿಯೇ ಎರಡನೆಯದನ್ನು ಕುದಿಸುತ್ತದೆ, ಎರಡನೆಯದರ ಆವಿ ಮೂರನೆಯದನ್ನು. ಹೀಗಾಗಿ ಒಂದು ಕಿಲೋ ಹಬೆಯಲ್ಲಿ ಸುಮಾರು ನಾಲ್ಕು ಕಿಲೋ ನೀರು ಹಾರುತ್ತದೆ. ಕೊನೆಯ ಬಾಡಿಯಲ್ಲಿ ನಿರ್ವಾತ ಇರುವುದರಿಂದ ಪಾಕ ಅಲ್ಲಿ 60 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ರಾತ್ರಿ ಪಾಳಿಯಲ್ಲಿ ಮೊದಲನೇ ಬಾಡಿಯ ಗೇಜಿನ ಮುಳ್ಳು ಏರತೊಡಗಿತು. ನಾನು ಅದರ ಹಬೆಯ ವಾಲ್ ತಿರುಗಿಸುತ್ತ, ತಿಣುಕುತ್ತ ನಿಂತಿದ್ದೆ. ಹಿರಿಯ ಪ್ಯಾನ್‌ಮನ್ ಕಾಕಾ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟು, “ತಮ್ಮಾ, ಇಲ್ಲಿ ಏನೂ ಇಲ್ಲ. ನಾಕನೇ ಬಾಡಿ ಕೊಳವಿಗೆ ಸ್ಕೇಲ್ ಹಿಡದೈತಿ, ಅದು ಶಾಖ ತಗೊಳ್ಳವಲ್ದು. ಅದಕ್ಕ ಹಿಂದಿನವರೆಲ್ಲಾ ಒತ್ತಿಕೊಂಡ ನಿಂತಾರ” ಎಂದರು. ಕೊಳವೆಯ ಒಳಮೈಗೆ ಅಂಟಿದ, ಉಗುರಿನಷ್ಟೂ ದಪ್ಪವಿಲ್ಲದ ಸುಣ್ಣದಂಥ ಪದರ ನಾಲ್ಕು ಬಾಡಿಗಳ ಭಾರವನ್ನೂ ಏರುಪೇರು ಮಾಡಿತ್ತು. ರೋಗ ಒಂದು ಕಡೆ, ಕಾವು ಇನ್ನೊಂದು ಕಡೆ. ಎಸಿ ನೋಡಲು ಹೋದಾಗಲೆಲ್ಲ ನನಗೆ ಆ ಕಾಕಾನ ಕೈ ಹೆಗಲ ಮೇಲಿದ್ದ ಹಾಗೆ ಅನಿಸುತ್ತದೆ.

ಹೋದ ಏಪ್ರಿಲಿನಲ್ಲಿ ಹುಕ್ಕೇರಿಯ ಒಂದು ಮನೆಗೆ ಹೋಗಿದ್ದೆ. ಕೆಳಗೆ ದೊಡ್ಡ ಹಾಲು, ಪಕ್ಕದಲ್ಲಿ ಯಜಮಾನರ ತಾಯಿಯ ಕೋಣೆ. ಮೇಲೆ ಮೂರು ಮಲಗುವ ಕೋಣೆ, ಅದರಲ್ಲೊಂದು ಪಡುವಣಕ್ಕೆ ಮುಖ. ಹಾಲಿಗೆ 2 ಟನ್, ಪಡುವಣ ಕೋಣೆಗೆ 1.5, ಉಳಿದ ಮೂರಕ್ಕೆ ತಲಾ 1. ಕೂಡಿಸಿದರೆ 6.5 ಟನ್. ಮಾಳಿಗೆಯ ಮೇಲಿನ ಹೊರಯಂತ್ರ 5 ಟನ್ನಿನದು. ದೂರು ಪಡುವಣ ಕೋಣೆಯದು. ಎರಡು ವರ್ಷದಲ್ಲಿ ಮೂರು ಸಲ ಗ್ಯಾಸ್ ತುಂಬಿಸಿದ್ದರು, ಸಂಜೆಯಾದರೆ ಅದೇ ಕಥೆ. ನಾನು ಮೇಲೆ ಹೋಗಲು ಹೊರಟಾಗ ತಮ್ಮ ಕೋಣೆಯ ಬಾಗಿಲಲ್ಲಿ ಶಾಲು ಹೊದ್ದು ಕೂತಿದ್ದ ಅಜ್ಜಿ ನನ್ನನ್ನು ಕರೆದು ಕೇಳಿದರು: “ತಮ್ಮಾ, ನನ್ನ ಖೋಲ್ಯಾಗ ಥಂಡಿಗೆ ಮೊಣಕಾಲು ಹಿಡಿತಾವ. ಮ್ಯಾಲ ಮೊಮ್ಮಗ ಬೆವರತಾನ. ಇಲ್ಲಿ ಹೆಚ್ಚಾಗಿದ್ದ ಥಂಡೀನ ಮ್ಯಾಲ ಕಳಸಾಕ ಬರೂದಿಲ್ಲೇನು?”

ಈ ವಿಷಯದಲ್ಲಿ ಇಷ್ಟು ನೇರವಾದ ಪ್ರಶ್ನೆಯನ್ನು ನನಗೆ ಯಾವ ಇಂಜಿನಿಯರೂ ಕೇಳಿಲ್ಲ. ಬರುತ್ತದೆ ಅಜ್ಜಿ, ಕಳಿಸಲು ಬರುತ್ತದೆ.

ನಾನು ಜೊತೆಗೆ ಒಯ್ಯುವುದು ತಂತಿಯ ತುದಿಗೆ ಸೆನ್ಸರ್ ಇರುವ ಒಂದು ಸಣ್ಣ ಡಿಜಿಟಲ್ ಥರ್ಮಾಮೀಟರ್, ಒಂದು ಬ್ಯಾಟರಿ, ಒಂದು ವಹಿ. ಪ್ರತಿ ಕೋಣೆಯಲ್ಲೂ ಯಂತ್ರದೊಳಗೆ ಹೋಗುವ ಗಾಳಿ ಎಷ್ಟು ಬಿಸಿ, ಹೊರಗೆ ಬೀಸುವುದು ಎಷ್ಟು ಥಂಡಿ ಎಂದು ಬರೆದುಕೊಳ್ಳುತ್ತೇನೆ. ಸರಿಯಾಗಿ ದುಡಿಯುವ ಕಾಯಿಲಿನಲ್ಲಿ ಈ ಅಂತರ 8ರಿಂದ 12 ಡಿಗ್ರಿ ಇರುತ್ತದೆ. ಸಂಜೆ ಐದೂವರೆಗೆ ಹಾಲಿನಲ್ಲಿ 29 ಹೋಗಿ 18 ಬರುತ್ತಿತ್ತು. ಅಜ್ಜಿಯ ಕೋಣೆಯಲ್ಲಿ 22 ಹೋಗಿ 13. ಪಡುವಣ ಕೋಣೆಯಲ್ಲಿ 33 ಹೋಗಿ 27. ಅಂತರ ಬರೀ ಆರು. ಅದರ ಮುಂಭಾಗದ ಮುಚ್ಚಳ ಎತ್ತಿ, ಫಿಲ್ಟರ್ ತೆಗೆದು, ಬ್ಯಾಟರಿ ಬಿಟ್ಟು ನೋಡಿದೆ. ಫಿಲ್ಟರ್ ಸ್ವಚ್ಛವಿತ್ತು. ಕಾಯಿಲಿನ ಕೆಳಗಿನ ಎರಡು ಸಾಲು ಮಾತ್ರ ಬೆವರಿ ನೀರು ತೊಟ್ಟಿಕ್ಕುತ್ತಿತ್ತು. ಮೇಲಿನ ಸಾಲುಗಳೆಲ್ಲ ಒಣಗಿದ್ದವು, ಬೆರಳಿಟ್ಟರೆ ಬೆಚ್ಚಗೆ. ದ್ರವ ಒಳಬಂದ ಕೂಡಲೇ ಕುದಿದು ಮುಗಿದು, ಮುಂದಿನ ಕೊಳವೆಯೆಲ್ಲ ಬರಿದಾಗಿತ್ತು. ಸಾರು ಬತ್ತಿದ ಮೇಲೂ ಒಲೆಯ ಮೇಲಿದ್ದ ಪಾತ್ರೆಯ ಹಾಗೆ. ಕಾಯಿಲ್ ಚೆನ್ನಾಗಿಯೇ ಇತ್ತು, ಅದಕ್ಕೆ ಉಣ್ಣಲು ಸಾಲುತ್ತಿರಲಿಲ್ಲ.

ಇದನ್ನು ಕೋಣೆಯ ಯಂತ್ರ ತಾನೇ ಅರಿಯುತ್ತದೆ. ಕಾಯಿಲಿನ ಒಳಬಾಯಿಯಲ್ಲಿ ಒಂದು ಸೆನ್ಸರ್, ಹೊರಬಾಯಿಯಲ್ಲಿ ಇನ್ನೊಂದು. ಹೊರಬಾಯಿ ಒಳಬಾಯಿಗಿಂತ ನಾಲ್ಕೈದು ಡಿಗ್ರಿ ಬೆಚ್ಚಗಿದ್ದರೆ ದ್ರವ ಕಾಯಿಲಿನ ಕೊನೆಯವರೆಗೂ ಹೋಗಿ ಅಲ್ಲಿ ಕುದಿದು ಮುಗಿದಿದೆ ಎಂದರ್ಥ. ಹತ್ತು ಹನ್ನೆರಡು ಡಿಗ್ರಿ ಬೆಚ್ಚಗಿದ್ದರೆ ನಡುವೆಯೇ ಬತ್ತಿದೆ, ತೂಬು ಇನ್ನಷ್ಟು ತೆರೆಯಬೇಕು. ಎರಡೂ ಒಂದೇ ಇದ್ದರೆ ದ್ರವ ಕುದಿಯದೆ ಹಾಗೇ ದಾಟಿ ಹೋಗುತ್ತಿದೆ, ತೂಬು ಮುಚ್ಚಬೇಕು. ಇಲ್ಲವಾದರೆ ಆ ದ್ರವ ಕಂಪ್ರೆಸರಿಗೆ ನುಗ್ಗಿ ಅದನ್ನು ಮುರಿಯುತ್ತದೆ. ತೂಬನ್ನು ತಿರುಗಿಸುವುದು ಬೆರಳ ಗಾತ್ರದ ಮೋಟಾರು, ಕೂದಲೆಳೆಯಷ್ಟು ಹೆಜ್ಜೆಯಲ್ಲಿ. ಹುಕ್ಕೇರಿಯ ಮನೆಯ ಪಡುವಣ ಕೋಣೆಯ ತೂಬು ಪೂರ್ತಿ ತೆರೆದೇ ಇತ್ತು. ಕಾಲುವೆಯಲ್ಲೇ ನೀರು ಕಡಿಮೆಯಾದ ಮೇಲೆ ತೂಬು ತೆರೆದು ಏನು ಬಂತು.

ಹಾಗಾದರೆ ನೀರು ಹೋದದ್ದೆಲ್ಲಿ? ಮೊದಲ ಉತ್ತರ ಅಜ್ಜಿಯ ಕೋಣೆಯಲ್ಲೇ ಇತ್ತು. ಮೂಡಣ-ಬಡಗಣ ಮೂಲೆಯ ಕೆಳಕೋಣೆ, ಬಿಸಿಲು ಮುಟ್ಟುವುದು ಬೆಳಗಿನ ಎರಡು ತಾಸು, ಒಳಗೆ ಒಬ್ಬರೇ. ಅದಕ್ಕೆ ಅರ್ಧ ಟನ್ನಿನ ಕೆಲಸವೂ ಇಲ್ಲ. ಆದರೆ ರಿಮೋಟಿನಲ್ಲಿ 20 ಇತ್ತು. ಮೊಮ್ಮಗ ಒತ್ತಿದ್ದು, ಅಜ್ಜಿಗೆ ಬದಲಿಸಲು ಬರುತ್ತಿರಲಿಲ್ಲ. ಕೋಣೆ 22ಕ್ಕೆ ಬಂದರೂ ಯಂತ್ರ 20 ಮುಟ್ಟಲು ತನ್ನ ಪಾಲು ಎಳೆಯುತ್ತಲೇ ಇತ್ತು. ಹಾಲಿನ ರಿಮೋಟಿನಲ್ಲಿ 18 ಇತ್ತು, ಪಡಸಾಲೆಯ ಕಡೆಯ ಬಾಗಿಲು ಹಾರುಹೊಡೆದಿತ್ತು. 18 ಒತ್ತಿದರೆ ಬೇಗ ಥಂಡಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಒಂಟಿ ಎಸಿಯಲ್ಲಿ ಅದು ಬರೀ ಬಿಲ್ಲಿನ ಮಾತು. ಹಂಚಿಕೊಂಡ ಎಸಿಯಲ್ಲಿ ಅದು ಇನ್ನೊಬ್ಬರ ಪಾಲಿನ ಮಾತು. ಬಾಗಿಲು ತೆರೆದ ಹಾಲು ಎಂದೂ 18 ಮುಟ್ಟುವುದಿಲ್ಲ, ಹಾಗಾಗಿ ಅದರ ತೂಬು ಎಂದೂ ಇಳಿಯುವುದಿಲ್ಲ. 2020ರ ಜನವರಿಯಿಂದ ಸ್ಟಾರ್ ಗುರುತಿನ ರೂಮ್ ಎಸಿಗಳು ಹಚ್ಚಿದೊಡನೆ 24 ಡಿಗ್ರಿಯಲ್ಲಿ ನಿಲ್ಲಬೇಕೆಂದು ಇಂಧನ ದಕ್ಷತಾ ಬ್ಯೂರೋ ಗೊತ್ತು ಮಾಡಿದೆ. ಆ ಅಂಕಿಯಿಂದ ಕೆಳಗೆ ಇಳಿಸುವ ಮುನ್ನ ಮನೆಯ ಬೇರೆ ಕೋಣೆಯಲ್ಲಿ ಯಾರಿದ್ದಾರೆ ಎಂದು ನೋಡಿರೆಂದು ನಾನು ಕೇಳಿಕೊಳ್ಳುತ್ತೇನೆ.

ಎರಡನೆಯ ಉತ್ತರ ಟನ್ನಿನ ಲೆಕ್ಕದಲ್ಲಿತ್ತು. ಟನ್ ಎಂದರೆ ಯಂತ್ರದ ತೂಕವಲ್ಲ. ಒಂದು ಟನ್ ಮಂಜುಗಡ್ಡೆ 24 ತಾಸಿನಲ್ಲಿ ಕರಗುತ್ತ ಹೀರುವ ಶಾಖ, ಸುಮಾರು 3.5 ಕಿಲೋವ್ಯಾಟ್. 5 ಟನ್ನಿನ ಹೊರಯಂತ್ರಕ್ಕೆ 6.5 ಟನ್ನಿನ ಒಳಯಂತ್ರ ಕಟ್ಟಿದ್ದು ಮೋಸವೇ ಎಂದು ಯಜಮಾನರು ಕೇಳಿದರು. ಅಲ್ಲ. ಹೊರಯಂತ್ರದ ಶೇಕಡಾ 130ರವರೆಗೆ ಕಟ್ಟಲು ಎಷ್ಟೋ ಕಂಪನಿಗಳೇ ಒಪ್ಪುತ್ತವೆ; 6.5 ಸರಿಯಾಗಿ ಅಷ್ಟೇ ಆಗುತ್ತದೆ. ಎಲ್ಲ ಕೋಣೆಗೂ ಒಂದೇ ಹೊತ್ತಿಗೆ ಪೂರ್ತಿ ಥಂಡಿ ಬೇಕಾಗುವುದಿಲ್ಲ ಎಂಬ ಭರವಸೆಯ ಮೇಲೆ ನಿಂತ ಲೆಕ್ಕ ಅದು. ಮೂಡಣ ಕೋಣೆಗೆ ಬೆಳಿಗ್ಗೆ ಬೇಕು, ಪಡುವಣದ್ದಕ್ಕೆ ಸಂಜೆ, ಹಾಲಿಗೆ ಮಂದಿ ಬಂದಾಗ. ಭಾರ ಬಿಸಿಲಿನ ಜೊತೆ ಮನೆಯ ಸುತ್ತ ತಿರುಗುತ್ತದೆ. ಆ ತಿರುಗಾಟ ನಿಜವಾಗಿಯೂ ಇದ್ದರೆ 5 ಟನ್ ಸಾಕು. ಈ ಮನೆಯಲ್ಲಿ ಸಂಜೆ ಐದರಿಂದ ಹತ್ತರವರೆಗೆ ಎಲ್ಲವೂ ಒಂದಾಗುತ್ತಿದ್ದವು. ಸುಮ್ಮನೆ ಕೂತ ಒಬ್ಬ ಮನುಷ್ಯ ಸುಮಾರು 100 ವ್ಯಾಟ್ ಶಾಖ ಬಿಡುತ್ತಾನೆ. ಹಾಲಿನಲ್ಲಿ ಶ್ರಾವಣದ ಪುರಾಣಕ್ಕೋ ಕುಬಸಕ್ಕೋ ಮೂವತ್ತು ಮಂದಿ ಕೂತರೆ ಅವರ ಮೈಯ ಕಾವೇ ಹತ್ತಿರ ಹತ್ತಿರ ಒಂದು ಟನ್ ತಿನ್ನುತ್ತದೆ.

ಮೇಲಿನ ಕೋಣೆಗಳಿಗೆ ಇನ್ನೊಂದು ಕಷ್ಟ, ಕಾಂಕ್ರೀಟ್ ಸ್ಲ್ಯಾಬು. ನಮ್ಮ ಹಳೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ತೊಲೆ, ಜಂತಿ, ಅದರ ಮೇಲೆ ಮೊಳದಷ್ಟು ಮಣ್ಣು, ನಡುವೆ ಬೆಳಕಿಂಡಿ ಇರುತ್ತಿದ್ದವು. ಮಧ್ಯಾಹ್ನದ ಕಾವು ಆ ಮಣ್ಣು ದಾಟಿ ಕೆಳಗಿಳಿಯುವ ಹೊತ್ತಿಗೆ ಬೆಳದಿಂಗಳು ಬಿದ್ದಿರುತ್ತಿತ್ತು, ಬೆಳಕಿಂಡಿ ಅದನ್ನು ಹೊರಗೆ ಕಳಿಸುತ್ತಿತ್ತು. ಐದು ಇಂಚಿನ ಸ್ಲ್ಯಾಬು ಮಧ್ಯಾಹ್ನ ಕುಡಿದ ಬಿಸಿಲನ್ನು ಸಂಜೆಯಿಂದ ರಾತ್ರಿಯವರೆಗೆ ಕೆಳಗೆ ಸುರಿಯುತ್ತದೆ, ಅದೂ ಕಿಟಕಿ ಮುಚ್ಚಿದ ಕೋಣೆಗೆ. ಏಪ್ರಿಲಿನಲ್ಲಿ ರಾತ್ರಿ ಒಂಬತ್ತಕ್ಕೆ ಮಂಚದ ಮೇಲೆ ನಿಂತು ಸೂರಿಗೆ ಅಂಗೈ ತಾಗಿಸಿ ನೋಡಿ, ರೊಟ್ಟಿ ತೆಗೆದ ಮೇಲಿನ ಹಂಚಿನ ಕಾವು ಇನ್ನೂ ಅಲ್ಲಿರುತ್ತದೆ. ಎಸಿಗೆ ಒಂದೂವರೆ ಲಕ್ಷ ಸುರಿಯುವ ಮುನ್ನ ಮಾಳಿಗೆಗೆ ಬಿಳಿ ಬಣ್ಣವೋ ಮೇಲೊಂದು ತಗಡಿನ ನೆರಳೋ ಹಾಕಿಸಿರೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಹೇಳಿದ್ದನ್ನು ಮಾಡಿದವರ ಮನೆಯಲ್ಲಿ ಹಂಚಿಕೆಯ ಜಗಳ ಅರ್ಧಕ್ಕೆ ಇಳಿದದ್ದನ್ನು ನೋಡಿದ್ದೇನೆ.

ಮೂರನೆಯ ಉತ್ತರ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು, ಮಾಳಿಗೆಯ ಮೇಲಿತ್ತು. ಐದೂ ಕೋಣೆಯಿಂದ ಕಿತ್ತ ಶಾಖ ಹೊರಗೆ ಹೋಗಲು ಇರುವ ಬಾಗಿಲು ಒಂದೇ, ಹೊರಯಂತ್ರದ ಕಂಡೆನ್ಸರ್. 5 ಟನ್ ಎಂದರೆ 17.5 ಕಿಲೋವ್ಯಾಟ್, ಅದಕ್ಕೆ ಕಂಪ್ರೆಸರ್ ತಾನು ತಿಂದ ಸುಮಾರು 5 ಕಿಲೋವ್ಯಾಟನ್ನೂ ಸೇರಿಸಿ 22 ಕಿಲೋವ್ಯಾಟಿಗೂ ಹೆಚ್ಚು ಶಾಖವನ್ನು ಅದು ಬಯಲಿಗೆ ಎಸೆಯಬೇಕು. ಎಸೆಯಲಾಗದಿದ್ದರೆ ಒಳಗಿನ ಯಾವ ಕೋಣೆಯಿಂದಲೂ ಅಷ್ಟು ಕೀಳಲಾಗುವುದಿಲ್ಲ. ಈ ಮನೆಯ ಹೊರಯಂತ್ರವನ್ನು ನೀರಿನ ಟಾಕಿಗೂ ಪ್ಯಾರಾಪೆಟ್ ಗೋಡೆಗೂ ನಡುವಿನ ಸಂದಿಯಲ್ಲಿ ಕೂರಿಸಿದ್ದರು, ಕೆಳಗಿನಿಂದ ನೋಡಿದರೆ ಕಾಣಬಾರದೆಂದು. ಅದು ಉಗುಳಿದ ಬಿಸಿಗಾಳಿ ಗೋಡೆಗೆ ಬಡಿದು ತಿರುಗಿ ಅದರ ಬೆನ್ನಿಗೇ ಬರುತ್ತಿತ್ತು. ನೆರಳಿನಲ್ಲಿ 38 ಡಿಗ್ರಿ ಇದ್ದಾಗ ಯಂತ್ರ ಒಳಗೆಳೆಯುತ್ತಿದ್ದ ಗಾಳಿ 46. ಪಾಪ, ಅದು ಬೇರೆಯೇ ಊರಿನ ಬೇಸಿಗೆಯಲ್ಲಿ ದುಡಿಯುತ್ತಿತ್ತು. ಹೊರಗೆ ದ್ರವವಾಗುವ ತಾಪ ಒಂದು ಡಿಗ್ರಿ ಏರಿದರೆ ಕರೆಂಟು ಸುಮಾರು ಶೇಕಡಾ 2-3 ಹೆಚ್ಚು ಬೇಕು, ಅದೇ ಹೊತ್ತಿಗೆ ಥಂಡಿಯ ಶಕ್ತಿಯೂ ಇಳಿಯುತ್ತದೆ. 5 ಟನ್ನಿನ ಹಣ ಕೊಟ್ಟವರಿಗೆ ಸಂಜೆ 5 ಟನ್ ಸಿಗುತ್ತಲೇ ಇರಲಿಲ್ಲ.

ಅಷ್ಟೇ ಅಲ್ಲ, ಕಂಡೆನ್ಸರಿನ ಎಲೆಗಳ ನಡುವೆ ಕಪ್ಪು ಕೂತಿತ್ತು. ಚಿಮಟಿಗೆಯಿಂದ ಒಂದು ಎಳೆ ತೆಗೆದು ಅಂಗೈ ಮೇಲೆ ಉಜ್ಜಿದೆ: ಹಗುರ, ಒರಟು, ಕಾಡಿಗೆಯ ಬಣ್ಣ. ನನಗೆ ಅದರ ಗುರುತು ಚೆನ್ನಾಗಿ ಇದೆ, ಕಬ್ಬಿನ ಸಿಪ್ಪೆ ಉರಿದ ಬೂದಿ. ನವೆಂಬರಿನಿಂದ ಮಾರ್ಚಿನವರೆಗೆ ಹಂಗಾಮು ನಡೆದಾಗ ನಮ್ಮ ಮೂರೂ ತಾಲ್ಲೂಕಿನ ಎಷ್ಟೋ ಊರುಗಳಲ್ಲಿ ಒಣಹಾಕಿದ ಬಿಳಿ ಬಟ್ಟೆಯ ಮೇಲೆ ಬೀಳುವುದೇ ಇದು. ಬಟ್ಟೆಯನ್ನಾದರೆ ಅಕ್ಕಂದಿರು ಝಾಡಿಸಿ ಒಗೆಯುತ್ತಾರೆ, ಮಾಳಿಗೆಯ ಮೇಲಿನ ಕಂಡೆನ್ಸರನ್ನು ಕೇಳುವವರಿಲ್ಲ. ಬೂದಿ, ಕಬ್ಬಿನ ಟ್ರ್ಯಾಕ್ಟರುಗಳು ಎಬ್ಬಿಸಿದ ರಸ್ತೆಯ ಧೂಳು, ಮುಂಜಾವಿನ ಇಬ್ಬನಿ ಸೇರಿ ಎಲೆಗಳ ನಡುವೆ ಕಂಬಳಿಯಂತೆ ಹೆಪ್ಪುಗಟ್ಟುತ್ತವೆ. ಕ್ವಾಡಿನ ಕೊಳವೆಯ ಸ್ಕೇಲು ಹೇಗೋ ಇದೂ ಹಾಗೇ. ಬೇಸಿಗೆ ಶುರುವಾಗುವ ಹೊತ್ತಿಗೆ ನಮ್ಮ ಕಂಡೆನ್ಸರುಗಳು ಅತ್ಯಂತ ಕೊಳಕಾಗಿರುವುದು ನಮ್ಮ ಸೀಮೆಯ ದುರ್ದೈವ. ಆದ್ದರಿಂದ ಇಲ್ಲಿನವರು ಹಂಗಾಮು ಮುಗಿದ ವಾರದಲ್ಲೇ ಅದನ್ನು ತೊಳೆಸಬೇಕು. ತೊಳೆಯುವುದೂ ಒಳಗಿನಿಂದ ಹೊರಗೆ, ಸಾದಾ ಪೈಪಿನ ನೀರಿನಲ್ಲಿ. ಗಾಡಿ ತೊಳೆಯುವ ಪ್ರೆಷರ್ ಪಂಪು ಹಚ್ಚಿದರೆ ತೆಳು ಎಲೆಗಳು ಮಲಗಿಬಿಡುತ್ತವೆ, ಆಮೇಲೆ ಗಾಳಿಗೆ ದಾರಿಯೇ ಇಲ್ಲ.

ಆ ದಿನ ಮಾಡಿದ್ದಿಷ್ಟು. ಅಜ್ಜಿಯ ರಿಮೋಟು 27ಕ್ಕೆ. ಹಾಲು 24ಕ್ಕೆ, ಬಾಗಿಲು ಮುಚ್ಚಿ. ಕಂಡೆನ್ಸರ್ ತೊಳೆದದ್ದು. ಮರುವಾರ ಹೊರಯಂತ್ರವನ್ನು ಸಂದಿಯಿಂದ ಎಳೆದು, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಎರಡು ಅಡಿ ಎತ್ತಿ, ಮುಖ ಬಯಲಿಗೆ ತಿರುಗಿಸಿ ಕೂರಿಸಿದರು. ಆದರೆ ಯಂತ್ರ ಕದಲಿಸುವ ಮೊದಲೇ, ತೊಳೆದ ದಿನವೇ ರಾತ್ರಿ ಪಡುವಣ ಕೋಣೆಯ ಯಂತ್ರ 17 ಡಿಗ್ರಿಯ ಗಾಳಿ ಬೀಸುತ್ತಿತ್ತು. ಅಜ್ಜಿಯ ಕೋಣೆಯ ತೂಬು ಹೆಚ್ಚುಕಡಿಮೆ ಮುಚ್ಚಿದ್ದರಿಂದ ಅವರ ಪಾಲಿನ ದ್ರವ ಮೇಲಿನ ಕಾಯಿಲಿಗೆ ಹೋಗಿತ್ತು. ಅವರು ಕೇಳಿದ್ದು ಅಕ್ಷರಶಃ ಅದನ್ನೇ.

ಎಲ್ಲ ದೂರುಗಳೂ ಇಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ. ಪೈಪು ಹಾಕುವಾಗಲೇ ಕೆಟ್ಟ ಹಂಚಿಕೆ ಗೋಡೆಯೊಳಗೆ ಹುದುಗಿ ಕೂತಿರುತ್ತದೆ. ಮೂಡಲಗಿಯ ಒಂದು ಮನೆಯಲ್ಲಿ ಸುಳ್ಳು ಛಾವಣಿ ಬಿಚ್ಚಿ ನೋಡಿದರೆ ವೈ ಜೋಡಣೆ ಓರೆಯಾಗಿ ನೇತಾಡುತ್ತಿತ್ತು. ಮಟ್ಟ ತಪ್ಪಿದ ಕವಲಿನಲ್ಲಿ ಗುಳ್ಳೆ ಬೆರೆತ ದ್ರವ ಸರಿಸಮ ಒಡೆಯುವುದಿಲ್ಲ. ಕೆಳಗಿನ ಬಾಯಿಗೆ ದ್ರವ, ಮೇಲಿನದಕ್ಕೆ ಬರೀ ಗುಳ್ಳೆ. ಗೋಕಾಕದ ಒಂದು ಅಂಗಡಿಯಲ್ಲಂತೂ ಮೇಲಿನ ಸೀರೆಯ ವಿಭಾಗದ ಎಸಿ ಹಚ್ಚಿದರೆ ಕೆಳಗಿನ ಗೋದಾಮು ಥಂಡಾಗುತ್ತಿತ್ತು. ಹೊರಯಂತ್ರದಲ್ಲಿ ಎರಡು ಕೋಣೆಯ ಪೈಪುಗಳು ಸರಿಯಿದ್ದು ವೈರುಗಳು ಅದಲುಬದಲಾಗಿದ್ದವು: ಮೇಲಿನ ಕೋಣೆ ಕೇಳಿದಾಗ ತೆರೆಯುತ್ತಿದ್ದುದು ಗೋದಾಮಿನ ತೂಬು. ವರ್ಷವಿಡೀ ಅಂಗಡಿಯವರು ಮೇಲಿನ ಯಂತ್ರವೇ ದೋಷದ್ದೆಂದು ಬದಲಿಸಲು ಓಡಾಡಿದ್ದರು. ಇದನ್ನು ಹಿಡಿಯಲು ಉಪಕರಣವೇ ಬೇಡ. ಎಲ್ಲವನ್ನೂ ಆರಿಸಿ, ಒಂದೊಂದೇ ಕೋಣೆ ಹಚ್ಚಿ, ಹತ್ತು ನಿಮಿಷ ಬಿಟ್ಟು ಯಾವ ಕೋಣೆಯಲ್ಲಿ ಥಂಡಿ ಬಂತೆಂದು ಕೈಯೊಡ್ಡಿ ನೋಡಿದರೆ ಆಯಿತು. ಹೊಸದಾಗಿ ಹಾಕಿಸಿದವರು ಹಾಕಿದವನ ಎದುರೇ ಇದನ್ನು ಮಾಡಿಸಿಕೊಳ್ಳಬೇಕು.

ಗ್ಯಾಸಿನ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ಹಲವು ಕೋಣೆಯ ಯಂತ್ರಕ್ಕೆ ಗ್ಯಾಸನ್ನು ತೂಗಿಯೇ ತುಂಬಬೇಕು, ಗೇಜಿನ ಮುಳ್ಳು ನೋಡಿ ಅಲ್ಲ. ಎಷ್ಟು ಕೋಣೆ ಹಚ್ಚಿದೆ, ಹೊರಗೆ ಎಷ್ಟು ಬಿಸಿಲಿದೆ, ಕಂಪ್ರೆಸರ್ ಎಷ್ಟು ಜೋರಾಗಿ ತಿರುಗುತ್ತಿದೆ ಎಂಬುದರ ಮೇಲೆ ಮುಳ್ಳು ಬದಲಾಗುತ್ತಲೇ ಇರುತ್ತದೆ. ಕಾರ್ಖಾನೆಯಲ್ಲಿ ತುಂಬಿದ್ದು ಇಷ್ಟು, ಹಾಕಿದ ದ್ರವದ ಪೈಪಿನ ಮೀಟರ್ ಲೆಕ್ಕಕ್ಕೆ ಹೆಚ್ಚುವರಿ ಇಷ್ಟು ಎಂದು ಪುಸ್ತಕದಲ್ಲಿ ಇರುತ್ತದೆ. ಅನುಮಾನ ಬಂದರೆ ಪೂರ್ತಿ ತೆಗೆದು, ಸೋರಿಕೆ ಹುಡುಕಿ ಮುಚ್ಚಿ, ತಕ್ಕಡಿಯಲ್ಲಿಟ್ಟು ಮತ್ತೆ ತುಂಬಬೇಕು. ಅಂದಾಜಿನಲ್ಲಿ ತುರುಕಿದ ಹೆಚ್ಚಿನ ಗ್ಯಾಸು ಕಂಡೆನ್ಸರಿನಲ್ಲೇ ಕೂತು, ಶಾಖ ಎಸೆಯುವ ಜಾಗವನ್ನೇ ಕಿತ್ತುಕೊಳ್ಳುತ್ತದೆ. ಹುಕ್ಕೇರಿಯ ಮನೆಯಲ್ಲಿ ಮೂರು ಸಲ ತುಂಬಿಸಿದ ಪರಿಣಾಮವೂ ಅಲ್ಲಿ ಇದ್ದೇ ಇತ್ತು. ತೂಗಿ ಸರಿಮಾಡಿದ ಮೇಲೆ 17 ಇದ್ದ ಗಾಳಿ 14ಕ್ಕೆ ಇಳಿಯಿತು.

ನರ್ಸಿಂಗ್ ಹೋಮಿನ ಡಾಕ್ಟರರಿಗೆ ನಾನು ಹೇಳುವುದು ಬೇರೆ. ಆಪರೇಷನ್ ಥಿಯೇಟರನ್ನು ಎಂದೂ ವಾರ್ಡುಗಳ ಜೊತೆ ಒಂದೇ ಹೊರಯಂತ್ರಕ್ಕೆ ಕಟ್ಟಬೇಡಿ. ಅದರ ಗಾಳಿಯ ನಿಯಮ ಬೇರೆ, ಅದು ಬೇಕಾಗುವ ಹೊತ್ತು ಬೇರೆ, ಅದು ಯಾರಿಗೂ ಪಾಳಿ ಬಿಟ್ಟುಕೊಡುವಂತಿಲ್ಲ. ಮನೆಯವರಿಗೂ ಇದೇ ಲೆಕ್ಕ ಸ್ವಲ್ಪ ಸಡಿಲವಾಗಿ ಅನ್ವಯಿಸುತ್ತದೆ: ರಾತ್ರಿಯಿಡೀ ಬೇಕಾಗುವ ಮಲಗುವ ಕೋಣೆಗಳು ಒಂದು ಗುಂಪು, ಆಗೀಗ ತುಂಬುವ ಹಾಲು ಬೇರೆ. ಐದು ಟನ್ನಿನ ಯಂತ್ರಕ್ಕೆ ನಡುರಾತ್ರಿ ಒಂದೇ ಸಣ್ಣ ಕೋಣೆಯ ಕೆಲಸ ಕೊಟ್ಟರೆ ಎಷ್ಟು ನಿಧಾನವಾಗಿ ತಿರುಗಿದರೂ ಅದಕ್ಕೆ ಹೆಚ್ಚೇ. ಹಚ್ಚುವುದು ಆರುವುದು ನಡೆದೇ ಇರುತ್ತದೆ. ಎತ್ತಿನ ಜೋಡಿಯನ್ನು ಕಟ್ಟಿ ಒಂದು ಕೊಡ ನೀರು ತಂದ ಹಾಗೆ.

ಕರೆಂಟಿನ ಮಾತು ಬಿಟ್ಟರೆ ಹುಕ್ಕೇರಿಯವರು ಒಪ್ಪುವುದಿಲ್ಲ. 1969ರಿಂದ ತಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಇರುವ ತಾಲ್ಲೂಕು ಅದು. ಹಂಚಿ ಉಣ್ಣುವ ಕರೆಂಟಿನ ರೂಢಿ ಅವರಿಗೆ ನಮಗಿಂತ ಹಳೆಯದು. ಸಂಜೆ ವೋಲ್ಟೇಜ್ ಇಳಿದಾಗ ಇನ್ವರ್ಟರ್ ಕಂಪ್ರೆಸರ್ ತನ್ನ ಜೀವ ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಆಗ ಮೊದಲು ಸೊರಗುವುದು ಅತಿ ಹೆಚ್ಚು ಭಾರದ ಕೋಣೆ. ಆದ್ದರಿಂದ ದೂರು ಕೇಳುವಾಗ ನಾನು ವೋಲ್ಟೇಜನ್ನೂ ಬರೆದುಕೊಳ್ಳುತ್ತೇನೆ.

ಎಸಿ ಎಂಬುದು ದೊಡ್ಡ ಊರಿನ ಶೋಕಿ, ನಮಗೆ ಹೊಸದು ಎನ್ನುವವರಿಗೆ ಒಂದು ಮಾತು ಹೇಳಬೇಕು. ಏರ್ ಕಂಡೀಷನಿಂಗ್ ಎಂಬ ಹೆಸರು ಹುಟ್ಟಿದ್ದು ಬಂಗಲೆಗಾಗಿ ಅಲ್ಲ, ಹತ್ತಿ ಗಿರಣಿಗಾಗಿ. ಅಮೆರಿಕದ ಸ್ಟುವರ್ಟ್ ಕ್ರೇಮರ್ ಎಂಬ ಗಿರಣಿಯ ಇಂಜಿನಿಯರು 1906ರಲ್ಲಿ ಆ ಪದ ಬಳಸಿದ. ಗಾಳಿ ಒಣಗಿದರೆ ನೂಲು ಹರಿಯುತ್ತದೆ; ಗಿರಣಿಯೊಳಗಿನ ಗಾಳಿಗೆ ತಕ್ಕಷ್ಟು ತೇವ ಕೂಡಿಸಿ ಹದ ಮಾಡುವುದೇ ಅವನ ಕೆಲಸವಾಗಿತ್ತು. ಆ ಹೆಸರು ಹುಟ್ಟುವ ಹೊತ್ತಿಗೆ ನಮ್ಮ ಗೋಕಾಕ ಫಾಲ್ಸಿನ ಗಿರಣಿ ನೂಲು ತೆಗೆಯಲು ಶುರುಮಾಡಿ ಹತ್ತೊಂಬತ್ತು ವರ್ಷವಾಗಿತ್ತು, 1887ರಿಂದ ಘಟಪ್ರಭೆಯ ನೀರು ಅದಕ್ಕಾಗಿ ದುಡಿಯುತ್ತಿತ್ತು. ಗಾಳಿಯ ಹದ, ನೀರಿನ ಪಾಳಿ, ಹಬೆಯ ಲೆಕ್ಕ, ಮೂರನ್ನೂ ಬಲ್ಲ ಕೈಗಳು ಈ ಮಣ್ಣಿನಲ್ಲಿ ತಲೆಮಾರುಗಳಿಂದ ಇವೆ. ಕಾರ್ಖಾನೆಯ ಕ್ವಾಡ್ ಸಂಭಾಳಿಸುವ ಹುಡುಗನಿಗೆ ಐದು ಕೋಣೆಯ ಎಸಿ ಸಂಭಾಳಿಸುವುದು ಕಲಿಯಲು ತಿಂಗಳು ಸಾಕು. ನಮ್ಮ ಐಟಿಐ ಹುಡುಗರಿಗೆ ತಕ್ಕಡಿ, ಥರ್ಮಾಮೀಟರ್, ವಹಿ ಮೂರನ್ನೂ ಕೈಗೆ ಕೊಟ್ಟು ಕಲಿಸುವ ಮಾಸ್ತರರು ಸಿಗಲಿ ಎಂಬುದು ನನ್ನ ಆಸೆ.

ಮೊನ್ನೆ ಹುಕ್ಕೇರಿಯ ಆ ಮನೆಯ ಯಜಮಾನರು ಮತ್ತೆ ಫೋನ್ ಮಾಡಿದ್ದರು. ಈ ವರ್ಷದ ಹಂಗಾಮು ಮುಗಿದಿದೆ, ಕಂಡೆನ್ಸರ್ ತೊಳೆಸಿದ್ದಾರೆ, ಮೇಲಿನ ಮಾಳಿಗೆಗೆ ಬಿಳಿ ಬಣ್ಣ ಬಳಿದಿದ್ದಾರೆ. ಅಜ್ಜಿ ಫೋನ್ ಇಸಿದುಕೊಂಡು ಮಾತಾಡಿದರು. ರಿಮೋಟಿನ ಯಾವ ಗುಂಡಿ ಒತ್ತಿದರೆ ಅಂಕಿ ಏರುತ್ತದೆ ಎಂದು ಮೊಮ್ಮಗ ಅದರ ಮೇಲೆ ಕುಂಕುಮದ ಚುಕ್ಕೆ ಇಟ್ಟು ಕೊಟ್ಟಿದ್ದಾನಂತೆ. “ದಿನಾ ಸಂಜಿಮುಂದ ನಾನ ಒತ್ತತೀನಿ ತಮ್ಮಾ, ಇಪ್ಪತ್ತೇಳಕ್ಕ ನಿಲ್ಲಸ್ತೀನಿ” ಎಂದರು.